ಚೊಂಬಿಲ್ಲದೆ ಕೂತ ಗೊಂಬೆ

ಮೊದಲೇ ಹೇಳಿಬಿಡುತ್ತೇನೆ. ಊಟ ಮಾಡುತ್ತಾ ಓದುತ್ತಿದ್ದರೆ ಕೈ ತೊಳೆದುಕೊಂಡು ಆಮೇಲೆ ಬನ್ನಿ. ನಾನು ಬರೆಯುತ್ತಿರುವುದು ಚಡ್ಡಿ ಇಳಿಸಿಕೊಂಡು ಕುಕ್ಕರಗಾಲಿನಲ್ಲಿ ಕೂತ ಮೂರು ಮಣ್ಣಿನ ಗೊಂಬೆಗಳ ಬಗ್ಗೆ. ಒಬ್ಬ ರೈತ, ಒಬ್ಬರು ಪೋಪ್, ಇನ್ನೊಬ್ಬರು ಡೊನಾಲ್ಡ್ ಟ್ರಂಪ್. ಮೂವರೂ ಮಾಡುತ್ತಿರುವ ಕೆಲಸ ಒಂದೇ. ನಮ್ಮ ಕಡೆ ಅದಕ್ಕೆ ಕೆರೆ ಕಡೆಗೆ ಹೋಗೋದು ಅಂತಾರೆ.

2023ರ ಡಿಸೆಂಬರಿನಲ್ಲಿ ಸ್ಪೇನಿನ ಕತಲೋನ್ಯ ಪ್ರಾಂತ್ಯದ ಬಾರ್ಸಿಲೋನಾದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಲ್ಲಿನ ದೊಡ್ಡ ಚರ್ಚಿನ ಮುಂದೆ ಕ್ರಿಸ್‌ಮಸ್‌ಗೆ ಮುಂಚೆ ಒಂದು ಜಾತ್ರೆ ಸೇರುತ್ತದೆ. ಸಾಂತಾ ಲ್ಯೂಸಿಯಾ ಜಾತ್ರೆ ಅಂತ ಹೆಸರು. 1786ರಿಂದ ಇದೆಯಂತೆ. ಸಾಲಾಗಿ ಮರದ ಅಂಗಡಿಗಳು. ಪಾಚಿ, ಮರದ ತೊಗಟೆ, ಹುಲ್ಲು ಹೊದಿಸಿದ ಕೊಟ್ಟಿಗೆ, ಕುರಿ, ಕುರುಬ, ಬಾವಿ, ಸೇತುವೆ, ಮಿಣಮಿಣ ದೀಪದ ಸರ. ಯೇಸು ಹುಟ್ಟಿದ ಸನ್ನಿವೇಶವನ್ನು ಮನೆಯಲ್ಲಿ ಗೊಂಬೆ ಜೋಡಿಸಿ ಮಾಡುತ್ತಾರಲ್ಲ, ಅದಕ್ಕೆ ಬೇಕಾದ ಸಾಮಾನೆಲ್ಲ ಇಲ್ಲಿ ಸಿಗುತ್ತದೆ. ಆ ಜೋಡಣೆಗೆ ಅವರ ಕತಲಾನ್ ಭಾಷೆಯಲ್ಲಿ ಪೆಸೆಬ್ರೆ ಅಂತಾರೆ.

ನನ್ನನ್ನು ಅಲ್ಲಿಂದ ಎಬ್ಬಿಸಿಕೊಂಡು ಹೋಗೋದು ಮಗಳಿಗೆ ಕಷ್ಟವಾಯಿತು. ನಾನು ಮೈಸೂರಿನವಳು. ಮದುವೆಯಲ್ಲಿ ಅಮ್ಮ ಕೊಟ್ಟ ಪಟ್ಟದ ಗೊಂಬೆ ಇಟ್ಟುಕೊಂಡು ವರ್ಷಾ ವರ್ಷಾ ನವರಾತ್ರಿಗೆ ಏಳು ಮೆಟ್ಟಿಲು ಕಟ್ಟುವವಳು. ಮೆಟ್ಟಿಲ ಮುಂದೆ ರಾಗಿ ಚೆಲ್ಲಿ ಪೈರು ಬರಿಸಿ, ಕನ್ನಡಿ ಮಲಗಿಸಿ ಕೆರೆ ಮಾಡಿ, ಕೆರೆಗೆ ಪ್ಲಾಸ್ಟಿಕ್ ಬಾತುಕೋಳಿ ಬಿಡುವವಳು. ಇಲ್ಲಿ ನೋಡಿದರೆ ಅದೇ ಪೈರು, ಅದೇ ಕೆರೆ, ಅದೇ ಬಾತುಕೋಳಿ. ದೇವರು ಮಾತ್ರ ಬೇರೆ.

ಅಷ್ಟರಲ್ಲಿ ಆರು ವರ್ಷದ ಮೊಮ್ಮಗಳು ನನ್ನ ಸೆರಗು ಹಿಡಿದು ಎಳೆದಳು. 'ಅಜ್ಜಿ, ಬಾ ಇಲ್ಲಿ, ಕಕ್ಕ ಮಾಮ ನೋಡು.'

ಒಂದು ಅಂಗಡಿ ತುಂಬಾ ಕಕ್ಕ ಮಾಮಗಳೇ. ರಾಜ, ರಾಣಿ, ಫುಟ್‌ಬಾಲ್ ಆಟಗಾರರು, ಪೊಲೀಸ್, ವೈದ್ಯ, ಸನ್ಯಾಸಿನಿ, ಪೋಪ್, ಪ್ರಧಾನಿಗಳು, ಅಧ್ಯಕ್ಷರು. ಮುಂದಿನಿಂದ ನೋಡಿದರೆ ಗಣ್ಯರ ಸಭೆ. ಅಂಗಡಿಯವರು ಜಾಣರು, ಹಿಂದುಗಡೆ ಒಂದು ಉದ್ದ ಕನ್ನಡಿ ಇಟ್ಟಿದ್ದರು. ಕನ್ನಡಿಯಲ್ಲಿ ಯಾರು ಯಾರು ಅಂತ ಗುರುತೇ ಹತ್ತುವುದಿಲ್ಲ. ಎಲ್ಲರದೂ ಒಂದೇ ಗುಲಾಬಿ ಬಣ್ಣ, ಕೆಳಗೆ ಒಂದೇ ಸುರುಳಿ.

ಈ ಗೊಂಬೆಗೆ ಅಲ್ಲಿ ಕಗನೇ ಅಂತಾರೆ. ಕಕ್ಕ ಮಾಡುವವನು ಅಂತಲೇ ಅರ್ಥ. ಕಕ್ಕ ಅನ್ನುವ ಮಾತು ಅವರ ಮಕ್ಕಳ ಬಾಯಲ್ಲೂ ಹಾಗೇ ಇದೆ, ಅದೇ ಅರ್ಥದಲ್ಲಿ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದ ನನಗೆ ಆ ದೇಶದ ಭಾಷೆಯಲ್ಲಿ ಅರ್ಥವಾದ ಮೊದಲ ಶಬ್ದ ಇದು.

ಮೂಲದಲ್ಲಿ ಕಗನೇ ಒಬ್ಬ ಬಡ ರೈತ. ತಲೆಗೆ ಬರೆತಿನಾ ಅನ್ನುವ ಜೋತುಬಿದ್ದ ಕೆಂಪು ಟೋಪಿ, ಬಿಳಿ ಅಂಗಿ, ಸೊಂಟಕ್ಕೆ ಪಟ್ಟಿ, ಮೊಣಕಾಲಿಗೆ ಇಳಿದ ಕಪ್ಪು ಚಲ್ಲಣ. ಕೆಲವರ ಬಾಯಲ್ಲಿ ಪೈಪು, ಕೆಲವರ ಕೈಯಲ್ಲಿ ಪೇಪರ್. 17ನೇ ಶತಮಾನದ ಕೊನೆ, 18ನೇ ಶತಮಾನದ ಶುರುವಿನಿಂದ ಇವನು ಪೆಸೆಬ್ರೆಯಲ್ಲಿ ಇದ್ದಾನೆ ಅಂತ ಲೆಕ್ಕ. ಮಾತೆ ಮೇರಿ, ಜೋಸೆಫ್, ಕಂದ ಯೇಸು, ದೇವದೂತರು, ಕಾಣಿಕೆ ತಂದ ಮೂವರು ರಾಜರು ಎಲ್ಲ ಮುಂದೆ. ಇವನು ಹಿಂದೆ, ಯಾವುದೋ ಪೊದೆ ಮರೆಯಲ್ಲಿ, ಲೋಕದ ಪರಿವೆಯೇ ಇಲ್ಲದೆ. ಮನೆಗೆ ಬಂದ ಮಕ್ಕಳಿಗೆ ಇವನನ್ನು ಹುಡುಕುವುದೇ ಆಟ. ಇವನಿಂದ ಭೂಮಿಗೆ ಗೊಬ್ಬರ, ಗೊಬ್ಬರದಿಂದ ಬೆಳೆ, ಬೆಳೆಯಿಂದ ಮುಂದಿನ ವರ್ಷ ಸುಭಿಕ್ಷ. ಇವನನ್ನು ಇಡದಿದ್ದರೆ ಮನೆಗೆ ಒಳ್ಳೆಯದಲ್ಲ ಅಂತ ನಂಬಿಕೆ.

ನಂಬಿಕೆ ಸುಮ್ನೆ ಅಲ್ಲ. 2005ರಲ್ಲಿ ಬಾರ್ಸಿಲೋನಾ ನಗರಸಭೆ ತನ್ನ ಪೆಸೆಬ್ರೆಯಿಂದ ಇವನನ್ನು ಕೈಬಿಟ್ಟಿತ್ತು. ಬೀದಿಯಲ್ಲಿ ಗಲೀಜು ಮಾಡಬಾರದು ಅಂತ ಆಗ ಹೊಸ ಕಟ್ಟಳೆ ಬರುತ್ತಿತ್ತು, ನಗರಸಭೆಯೇ ಇಂಥವನನ್ನು ಕೂರಿಸಿದರೆ ಹೇಗೆ ಅನ್ನುವುದು ವಾದ. ಜನ ಬಿಡಲಿಲ್ಲ. 2006ರಲ್ಲಿ ಕಗನೇ ವಾಪಸ್ ಬಂದ. ನಾನಂತೂ ಸ್ವಚ್ಛ ಭಾರತದ ಗೋಡೆ ಬರಹ ಓದಿ ಓದಿ ಹೋದವಳು. ನಗರಸಭೆಯವರ ಸಂಕಟ ನನಗೆ ಚೆನ್ನಾಗಿ ಅರ್ಥವಾಯಿತು.

ಇವರ ಹಬ್ಬದಲ್ಲಿ ಇನ್ನೂ ಒಂದಿದೆ. ಮುಖ ಬರೆದು ಟೋಪಿ ಹಾಕಿದ ಮರದ ತುಂಡಿಗೆ ದಿನಾ ಊಟ ಇಟ್ಟು, ಚಳಿಯಾಗದಂತೆ ಕಂಬಳಿ ಹೊದಿಸಿ, ಕ್ರಿಸ್‌ಮಸ್ ಹಿಂದಿನ ರಾತ್ರಿ ಕೋಲಿನಿಂದ ಹೊಡೆದು 'ಕಕ್ಕ ಮಾಡು' ಅಂತ ಮಕ್ಕಳು ಹಾಡುತ್ತಾರೆ. ಕಂಬಳಿ ತೆಗೆದರೆ ಅಡಿಯಲ್ಲಿ ಮಿಠಾಯಿ. ಮೊಮ್ಮಗಳು ಶಾಲೆಯಿಂದ ಈ ಹಾಡು ಕಲಿತು ಬಂದು ಮೂರು ವಾರ ನಮ್ಮ ಕಿವಿ ತೂತು ಮಾಡಿದಳು. ಆ ವಿಷಯ ಇಲ್ಲಿಗೆ ಸಾಕು.

ಸರಿ, ಸಾಮಾನಿನ ವಿಚಾರಕ್ಕೆ ಬರೋಣ. ನಾನು ಕೊಂಡದ್ದು ಮೂರು. ರೈತ ಚಿಕ್ಕವನು, 8 ಯೂರೊ. ಪೋಪ್ ಮತ್ತು ಟ್ರಂಪ್ ತಲಾ 20 ಯೂರೊ. ಅವತ್ತಿನ ಲೆಕ್ಕದಲ್ಲಿ ಯೂರೊಗೆ 90 ರೂಪಾಯಿ ಚಿಲ್ಲರೆ. ಅಂದರೆ ಮೂರು ಅಂಗುಲದ ಒಂದು ಗೊಂಬೆಗೆ 1,800 ರೂಪಾಯಿ. ಅಷ್ಟು ದುಡ್ಡಿಗೆ ಚನ್ನಪಟ್ಟಣದಲ್ಲಿ ಒಂದು ಮೆಟ್ಟಿಲು ತುಂಬಿಸುತ್ತಿದ್ದೆ. ಬೆಲೆ ಜಾಸ್ತಿ, ಅನುಮಾನವೇ ಇಲ್ಲ. ಚೌಕಾಸಿಗೆ ಜಾಗವಿಲ್ಲ. ನಾನು 'ಮೂರಕ್ಕೆ ಸೇರಿಸಿ 40 ಮಾಡಿಕೊಳ್ಳಿ' ಅಂತ ಬೆರಳು ಮಡಿಸಿ ತೋರಿಸಿದೆ. ಅಂಗಡಿಯ ಅಜ್ಜ ನಕ್ಕು, ಒಂದು ಸಣ್ಣ ಮಣ್ಣಿನ ಕೋಳಿಯನ್ನು ಸುಮ್ನೆ ಚೀಲಕ್ಕೆ ಹಾಕಿದ. ಮಗಳು ಅತ್ತ ಮುಖ ಮಾಡಿಕೊಂಡು ನಿಂತಿದ್ದಳು.

ಕೆಲಸ ಚೆನ್ನಾಗಿದೆ. ಸುಟ್ಟ ಮಣ್ಣು, ಕೈಯಲ್ಲಿ ಹಚ್ಚಿದ ಬಣ್ಣ. ಪೋಪ್ ಫ್ರಾನ್ಸಿಸ್ ಅವರ ಬಿಳಿ ನಿಲುವಂಗಿಯ ಮಡಿಕೆಗಳು, ಎದೆಯ ಮೇಲಿನ ಶಿಲುಬೆ, ಆ ಅಜ್ಜನ ನಗು ಎಲ್ಲ ಬಂದಿದೆ. ಟ್ರಂಪ್ ಅವರ ಕೆಂಪು ಟೈ ನೆಲದವರೆಗೂ ಬಂದು ಗಲೀಜಾಗುವ ಹಾಗಿದೆ, ಅದು ಬೇಕಂತಲೇ ಮಾಡಿದ್ದೋ ಕೈತಪ್ಪೋ ಗೊತ್ತಾಗಲಿಲ್ಲ. ತಲೆಗೂದಲಿಗೆ ಹಚ್ಚಿದ ಹಳದಿ ಮಾತ್ರ ನಮ್ಮ ಅರಿಶಿನದ ಗೌರಮ್ಮನ ಹಳದಿ. ಒಂದು ಕಡೆ ಬಣ್ಣ ಕಿವಿಯ ಮೇಲೂ ಇಳಿದಿದೆ.

ಒಂದು ದೂರು ಇದೆ. ಮನೆಗೆ ಬಂದು ಬಿಚ್ಚಿದಾಗ ಪೋಪ್ ಅವರ ಅಡಿಯ ಸುರುಳಿ ಕಳಚಿ ಡಬ್ಬಿಯಲ್ಲಿ ಉರುಳಾಡುತ್ತಿತ್ತು. ಗೊಂಬೆಯ ಮುಖ್ಯ ಭಾಗವೇ ಅದು, ಅದನ್ನೇ ಸರಿಯಾಗಿ ಅಂಟಿಸದಿದ್ದರೆ ಹೇಗೆ? ಸುರುಳಿ ಇಲ್ಲದೆ ಇಟ್ಟರೆ ಅವರು ಬೆನ್ನುನೋವಿಗೆ ಬಗ್ಗಿದವರ ಥರ ಕಾಣುತ್ತಿದ್ದರು. ಮೈಸೂರಿಗೆ ಬಂದ ಮೇಲೆ ಫೆವಿಕಾಲ್ ಹಾಕಿ ಕೂರಿಸಿದೆ. ಇವತ್ತಿಗೂ ಗಟ್ಟಿಯಾಗಿದೆ.

ಭಾರತದ ನಾಯಕರು ಯಾರಾದರೂ ಆ ಸಾಲಿನಲ್ಲಿ ಇದ್ದಾರಾ ಅಂತ ನಾನು ಹುಡುಕಲಿಲ್ಲ. ಇದ್ದಿದ್ದರೆ ಕೊಳ್ಳಬೇಕು ಅನ್ನಿಸುತ್ತಿತ್ತು. ಕೊಂಡಿದ್ದರೆ ಮೈಸೂರಿಗೆ ತರಬೇಕಾಗಿತ್ತು. ತಂದಿದ್ದರೆ ದಸರಾಕ್ಕೆ ಇಡಬೇಕಾಗಿತ್ತು. ಪಿಂಚಣಿ ಮೇಲೆ ಬದುಕುವವಳಿಗೆ ಇಷ್ಟೆಲ್ಲ ಯಾಕೆ ಅಂತ ಕಣ್ಣು ಬೇರೆ ಕಡೆ ತಿರುಗಿಸಿದೆ.

ಇನ್ನು ಇದು ವ್ಯಂಗ್ಯವಾಗಿ ಹೇಗಿದೆ? ಅದಕ್ಕೇ ಅಲ್ವಾ ಜನ ಕೊಳ್ಳೋದು.

ದೊಡ್ಡವರನ್ನು ಹೊಡೆಯಲು ಕಕ್ಕಸನ್ನು ಬಳಸಿದ್ದು ಕತಲಾನ್ ಜನ ಮಾತ್ರ ಅಲ್ಲ. 1545ರಲ್ಲಿ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಪೋಪ್‌ಗಿರಿಯ ಮೇಲೆ ಹರಿಹಾಯ್ದಾಗ ಚಿತ್ರಕಾರ ಕ್ರಾನಾಖ್‌ನ ಕಾರ್ಖಾನೆಯಿಂದ ಮರದ ಅಚ್ಚಿನ ಚಿತ್ರಗಳು ಬಂದವು. ಒಂದರಲ್ಲಿ ರೈತನೊಬ್ಬ ಪೋಪ್ ಅವರ ಕಿರೀಟವನ್ನು ತಲೆಕೆಳಗೆ ಇಟ್ಟು ಅದರೊಳಗೇ ಕೂತಿದ್ದಾನೆ. ಇಂಗ್ಲೆಂಡಿನ ವ್ಯಂಗ್ಯಚಿತ್ರಕಾರ ಗಿಲ್ರೇ 1793ರಲ್ಲಿ ದೇಶದ ನಕ್ಷೆಯನ್ನೇ ಮೂರನೇ ಜಾರ್ಜ್ ದೊರೆಯ ಮೈಯಾಗಿ ಬರೆದು, ಆ ಮೈಯ ಹಿಂಬದಿಯಿಂದ ಫ್ರಾನ್ಸಿನ ಮೇಲೆ ಹಡಗುಗಳನ್ನು ಸುರಿಸಿದ. ಆದರೆ ಈ ಜಾತಿಯ ಚಿತ್ರಗಳಲ್ಲಿ ನನ್ನ ನೂರಕ್ಕೆ ನೂರು ಫ್ರಾನ್ಸಿನ ಡೊಮಿಯೆಗೆ. 1831ರಲ್ಲಿ ಅವನು ಲೂಯಿ ಫಿಲಿಪ್ ದೊರೆಯನ್ನು ಬೆಟ್ಟದಂಥ ಹೊಟ್ಟೆಬಾಕನಾಗಿ ಬರೆದ. ಸಿಂಹಾಸನವೇ ಶೌಚದ ಕುರ್ಚಿ. ಬಾಯಿಗೆ ಒಂದು ಏಣಿ ಹಲಗೆ ಹಾಕಿದೆ. ಬಡವರು ಬುಟ್ಟಿಗೆ ಹಾಕಿದ ಕಾಸನ್ನು ಆಳುಗಳು ಹೊತ್ತು ಹತ್ತಿಸುತ್ತಾರೆ, ದೊರೆ ನುಂಗುತ್ತಾನೆ. ಕುರ್ಚಿಯ ಕೆಳಗೆ ಬೀಳುವುದು ಬಿರುದು, ಪದವಿ, ನೇಮಕಾತಿ ಪತ್ರ. ಅದನ್ನು ಹೆಕ್ಕಲು ಅಲ್ಲಿ ಇನ್ನೊಂದು ಗುಂಪು ಕಾದಿದೆ. ಸಮಾಜ ಪಾಠದಲ್ಲಿ ತೆರಿಗೆ ಅಂದರೆ ಏನು ಅಂತ ನಾಲ್ಕು ಪೀರಿಯಡ್ ಕೊರೆಯುವ ಬದಲು ಈ ಒಂದು ಚಿತ್ರ ತೋರಿಸಿದ್ದರೆ ಸಾಕಾಗಿತ್ತು. ಇದಕ್ಕಾಗಿ ಡೊಮಿಯೆಗೆ ಆರು ತಿಂಗಳ ಜೈಲು, 500 ಫ್ರಾಂಕ್ ದಂಡ.

ಕಗನೇ ಮಾಡಿದವರಿಗೆ ಜೈಲಿಲ್ಲ. ಸ್ಪೇನಿನ ರಾಜ ಫೆಲಿಪೆ ಅವರ ಗೊಂಬೆಯೂ ಸಿಗುತ್ತದೆ, ರಾಜಾರೋಷವಾಗಿ, ಚರ್ಚಿನ ಮೆಟ್ಟಿಲ ಎದುರಿಗೆ. ಆದರೆ ಇದೇ ಫೆಲಿಪೆ ಯುವರಾಜರಾಗಿದ್ದಾಗ, 2007ರಲ್ಲಿ, ಬಾರ್ಸಿಲೋನಾದ ಎಲ್ ಹುವೆವೆಸ್ ಅನ್ನುವ ವ್ಯಂಗ್ಯ ಪತ್ರಿಕೆ ಅವರನ್ನೂ ಅವರ ಹೆಂಡತಿಯನ್ನೂ ಮುಖಪುಟದಲ್ಲಿ ಮಂಚದ ಮೇಲೆ ಬರೆಯಿತು. ಮಗು ಹುಟ್ಟಿದರೆ ಸರಕಾರ 2,500 ಯೂರೊ ಕೊಡುವ ಯೋಜನೆಯ ಬಗ್ಗೆ ಗೇಲಿ. ನ್ಯಾಯಾಲಯ ಆ ಸಂಚಿಕೆ ಜಪ್ತಿ ಮಾಡಿಸಿತು. ಮಾಡಿದ ಇಬ್ಬರಿಗೂ ತಲಾ 3,000 ಯೂರೊ ದಂಡ ಬಿತ್ತು. ಅದಕ್ಕೂ ನೂರು ವರ್ಷ ಹಿಂದೆ, 1905ರ ನವೆಂಬರಿನಲ್ಲಿ, ಇದೇ ಊರಿನ ಕು-ಕುತ್ ಪತ್ರಿಕೆಯಲ್ಲಿ ಒಂದು ಚಿತ್ರ ಬಂತು. ಸೈನಿಕನೊಬ್ಬ 'ಇಲ್ಲಿ ಏನು ಇಷ್ಟು ಜನ' ಅಂತ ಕೇಳುತ್ತಾನೆ. 'ವಿಜಯದ ಔತಣ' ಅಂತ ಉತ್ತರ. 'ಓ ವಿಜಯವಾ, ಹಾಗಾದರೆ ಸೈನ್ಯದವರಲ್ಲ ಬಿಡಿ' ಅನ್ನುವ ಅರ್ಥದ ಮಾತು. 1898ರಲ್ಲಿ ಅಮೆರಿಕದ ಕೈಯಲ್ಲಿ ಸೋತು ಕ್ಯೂಬಾ ಕಳಕೊಂಡ ಸೈನ್ಯಕ್ಕೆ ಅದು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಅಧಿಕಾರಿಗಳು ಗುಂಪು ಕಟ್ಟಿಕೊಂಡು ಹೋಗಿ ಪತ್ರಿಕೆಯ ಕಚೇರಿಯನ್ನು ಪುಡಿ ಮಾಡಿದರು. ತಪ್ಪು ಮಾಡಿದವರಿಗೆ ಶಿಕ್ಷೆ ಆಗುವ ಬದಲು 1906ರಲ್ಲಿ ಹೊಸ ಕಾನೂನು ಬಂತು. ಸೈನ್ಯವನ್ನು ಅವಮಾನಿಸಿದವರ ವಿಚಾರಣೆ ಇನ್ನು ಮೇಲೆ ಸೈನ್ಯದ ನ್ಯಾಯಾಲಯದಲ್ಲೇ!

ರಾಜನ ಚಡ್ಡಿ ಇಳಿಸಿದವರಿಗೆ ಏನೂ ಆಗಲಿಲ್ಲ, ಒಂದು ಸಾಲಿನ ಮಾತಿಗೆ ಕಚೇರಿಯೇ ಹೋಯಿತು. ಯಾಕೆ ಅಂತ ವಿಮಾನದಲ್ಲಿ ಬರುವಾಗ ಯೋಚಿಸಿದೆ. ಡೊಮಿಯೆಯ ಚಿತ್ರ ನೀನು ಇಂಥದ್ದು ಮಾಡಿದೆ ಅನ್ನುತ್ತದೆ. ಕು-ಕುತ್ ನೀನು ಸೋತೆ ಅನ್ನುತ್ತದೆ. ಕಗನೇ ಅನ್ನುವುದು ನೀನೂ ನಮ್ಮ ಹಾಗೇ ಅಲ್ವಾ ಅಂತ ಅಷ್ಟೇ. ಇದರಲ್ಲಿ ಆರೋಪವೇ ಇಲ್ಲ. ಮುಖವನ್ನೂ ವಕ್ರ ಮಾಡಿಲ್ಲ. ಪೋಪ್ ಮುಖ ನಮ್ಮ ಕ್ಯಾಲೆಂಡರಿನ ಮುಖದಷ್ಟೇ ಲಕ್ಷಣವಾಗಿದೆ. ಮೇಲಾಗಿ ಈಗ ಕಗನೇ ಆಗುವುದೇ ಒಂದು ಮರ್ಯಾದೆ. ಹೆಸರು ಮಾಡಿದವರನ್ನು ಮಾತ್ರ ಮಾಡುತ್ತಾರೆ. ಗೆದ್ದ ಆಟಗಾರನಿಗೂ ಗೊಂಬೆ, ಯುದ್ಧ ಮಾಡಿಸಿದವನಿಗೂ ಗೊಂಬೆ, ಇಬ್ಬರಿಗೂ ಅದೇ ಭಂಗಿ, ಅದೇ 20 ಯೂರೊ. ಎಲ್ಲರಿಗೂ ಒಂದೇ ಅಂಕ ಕೊಡುವ ಮೇಷ್ಟ್ರಿಗೆ ಯಾವ ಹುಡುಗ ಹೆದರುತ್ತಾನೆ ಹೇಳಿ. ಅದಕ್ಕೇ ಟ್ರಂಪ್‌ಗೆ ನಾನು ಕೊಡುವುದು ಹತ್ತಕ್ಕೆ ನಾಲ್ಕು. ನೋಡಿದ ತಕ್ಷಣ ನಗು ಬರುತ್ತದೆ, ಎರಡನೇ ಸಲಕ್ಕೆ ಏನೂ ಉಳಿದಿರುವುದಿಲ್ಲ.

ರೈತನಿಗೆ ಒಂಬತ್ತು. ಅವನು ಯಾರನ್ನೂ ಅಣಕಿಸುತ್ತಿಲ್ಲ. ಆದರೆ ಎದುರಿಗೆ ದೇವರೇ ಹುಟ್ಟಿದ್ದಾನೆ, ಆಕಾಶದಲ್ಲಿ ನಕ್ಷತ್ರ ಬಂದಿದೆ, ರಾಜರು ಒಂಟೆ ಹತ್ತಿ ಚಿನ್ನ ತಂದಿದ್ದಾರೆ. ಇವನಿಗೆ ಅವಸರ, ಇವನು ಕೂತಿದ್ದಾನೆ. ಯಾರು ಬಂದರೂ ಎದ್ದು ನಿಲ್ಲುವ ಸ್ಥಿತಿಯಲ್ಲಿ ಇಲ್ಲ. ಮಿನಿಸ್ಟರ್ ಬರುತ್ತಾರೆ ಅಂತ ಮಕ್ಕಳನ್ನು ಬಿಸಿಲಲ್ಲಿ ಮೂರು ಗಂಟೆ ನಿಲ್ಲಿಸಿದ ದಿನಗಳು ನನಗೆ ನೆನಪಾದವು. ನಮ್ಮ ಆರ್.ಕೆ. ಲಕ್ಷ್ಮಣ್ ಅವರ ಕಾಮನ್ ಮ್ಯಾನ್ ಇದ್ದಾನಲ್ಲ, ಪಂಚೆ, ಚೌಕಳಿ ಕೋಟು, ಎಲ್ಲ ಕಡೆ ಇರುತ್ತಾನೆ, ತುಟಿ ಬಿಚ್ಚುವುದಿಲ್ಲ. ಈ ರೈತ ಅವನ ಕತಲಾನ್ ದಾಯಾದಿ. ಅವನು ಮೂಲೆಯಲ್ಲಿ ನಿಂತು ನೋಡುತ್ತಾನೆ, ಇವನು ಮೂಲೆಯಲ್ಲಿ ಕೂತು ನೋಡುವುದೇ ಇಲ್ಲ. ಲಕ್ಷ್ಮಣ್ ಹುಟ್ಟಿದ್ದು, ಓದಿದ್ದು ನಮ್ಮ ಮೈಸೂರಿನಲ್ಲೇ. ಅದನ್ನು ಆ ಅಂಗಡಿಯ ಅಜ್ಜನಿಗೆ ಹೇಳಬೇಕು ಅಂತ ಬಹಳ ಇತ್ತು, ಭಾಷೆ ಬರಲಿಲ್ಲ.

ಪೋಪ್‌ಗೆ ಅಂಕ ಹಾಕಿಲ್ಲ. ಅದಕ್ಕೆ ಕಾರಣ ಇದೆ.

2024ರ ದಸರಾ. ಪಾಡ್ಯದ ಹಿಂದಿನ ರಾತ್ರಿ ಮೆಟ್ಟಿಲು ಕಟ್ಟಿ, ಪಟ್ಟದ ಗೊಂಬೆಗೆ ಹೊಸ ಜರಿ ಉಡಿಸಿ, ದಶಾವತಾರ, ಮದುವೆ ದಿಬ್ಬಣ, ಮುಂದೆ ಧಾನ್ಯ ಗುಡ್ಡೆ ಹಾಕಿಕೊಂಡು ಹೊಟ್ಟೆ ಬಿಟ್ಟು ಕೂತ ಅಂಗಡಿ ಶೆಟ್ಟರ ಜೋಡಿ, ಎಲ್ಲ ಕೂರಿಸಿದೆ. ಹಾಗೆ ನೋಡಿದರೆ ನಮ್ಮ ಶೆಟ್ಟರ ಗೊಂಬೆಯೂ ವ್ಯಂಗ್ಯಚಿತ್ರವೇ. ಆ ಹೊಟ್ಟೆಯನ್ನು ಯಾರೋ ಸಾಲಗಾರ ಕುಶಲಕರ್ಮಿ ಹೊಟ್ಟೆಕಿಚ್ಚಿನಿಂದ ತಿದ್ದಿರಬೇಕು. ಕೆಳಗಿನ ಪಾರ್ಕಿನಲ್ಲಿ ರಾಗಿ ಪೈರಿನ ಹಿಂದೆ ರೈತ ಕಗನೇಯನ್ನು ಇಟ್ಟೆ. ಪಕ್ಕಕ್ಕೆ ಬಿಟ್ಟಿ ಬಂದ ಕೋಳಿ. ಟ್ರಂಪ್‌ರನ್ನು ಅಳಿಯ ಮೊದಲೇ ತನ್ನ ಆಫೀಸಿಗೆ ಒಯ್ದಿದ್ದ. ಪೋಪ್‌ರನ್ನು ಎಲ್ಲಿಡಲಿ ಅಂತ ಕೈಯಲ್ಲಿ ಹಿಡಿದುಕೊಂಡೇ ಇದ್ದೆ.

ಅವತ್ತು ಸಂಜೆ ನನ್ನ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದ ಹಿಂದಿ ಟೀಚರ್ ಬಂದಿದ್ದರು. ಸಂತ ಫಿಲೋಮಿನಾ ಚರ್ಚಿಗೆ ಹೋಗುವವರು, ಪ್ರತಿ ವರ್ಷ ನಮ್ಮನೆ ಗೊಂಬೆ ನೋಡಲು ತಪ್ಪದೆ ಬರುವವರು. ತೋರಿಸಿದೆ. ತಿರುಗಿಸಿ ನೋಡಿ ಬಿದ್ದು ಬಿದ್ದು ನಕ್ಕರು. 'ಪಾಪ, ಅವರೂ ಮನುಷ್ಯರೇ ಅಲ್ವಾ ಮೇಡಂ, ವಯಸ್ಸು ಬೇರೆ ಆಯಿತು' ಅಂದರು. ಕತಲಾನ್ ಜನರ ಕತೆಯನ್ನೆಲ್ಲ ಹೇಳಿದೆ. ಚರ್ಚಿನ ಮುಂದೆಯೇ ಮಾರುತ್ತಾರೆ ಅಂದೆ. ತಲೆಯಾಡಿಸಿದರು. ಆಮೇಲೆ ಒಂದು ಬೆರಳಲ್ಲಿ ಮೇಲಿನ ಮೆಟ್ಟಿಲು ತೋರಿಸಿ, ನಗುತ್ತಲೇ, 'ನಿಮ್ಮ ಕೃಷ್ಣ ಅಲ್ಲಿ ಕೊಳಲು ಊದ್ತಾ ನಿಂತಿರ್ತಾನೆ, ನಮ್ಮ ಪೋಪ್ ಇಲ್ಲಿ ಕೆಳಗೆ ಹೀಗೆ ಕೂತಿರ್ತಾರಾ?' ಅಂದರು.

ನನಗೆ ಮಾತು ಹೊರಡಲಿಲ್ಲ. ಅವರು ಸಿಟ್ಟಿನಿಂದ ಹೇಳಿದ್ದಲ್ಲ. ಕಾಫಿ ಕುಡಿದು, ಚರಪು ಕಟ್ಟಿಸಿಕೊಂಡು, ಎಂದಿನ ಹಾಗೆ ಗೇಟಿನ ಹತ್ತಿರ ಅರ್ಧ ಗಂಟೆ ಮಾತಾಡಿ ಹೋದರು. ಆದರೆ ಬಾರ್ಸಿಲೋನಾದಲ್ಲಿ ತಮ್ಮ ಮನೆಯ ಹಿರಿಯನನ್ನು ತಾವೇ ಗೇಲಿ ಮಾಡಿಕೊಂಡ ಗೊಂಬೆ ಅದು. ಮೈಸೂರಿನ ನನ್ನ ಹಜಾರಕ್ಕೆ ಬಂದ ಮೇಲೆ ಪಕ್ಕದ ಮನೆಯ ಹಿರಿಯನನ್ನು ಬೀದಿಗೆ ತೋರಿಸಿದ ಹಾಗೆ ಆಗುತ್ತಿತ್ತು. ಅಲ್ಲಿ ಎಲ್ಲರೂ ಕೂತಿದ್ದರು, ರಾಜನೂ, ಸನ್ಯಾಸಿನಿಯೂ. ಇಲ್ಲಿ ಕೂತಿರುವ ಧರ್ಮಗುರು ಅವರೊಬ್ಬರೇ. ನಮ್ಮ ಸ್ವಾಮಿಗಳು ಯಾರಾದರೂ ಅವರ ಪಕ್ಕ ಕೂತಿದ್ದರೆ ಮಾತು ಬೇರೆ. ಆ ಗೊಂಬೆ ಮಾಡುವವರು ಯಾರು, ಮಾಡಿದರೂ ನಾನು ಇಡುತ್ತೇನಾ? ಗೊಂಬೆಯನ್ನು ಬೀರುವಿನಲ್ಲಿ ಸೀರೆಯ ಹಿಂದೆ ಇಟ್ಟೆ. 2025ರ ಏಪ್ರಿಲಿನಲ್ಲಿ ಪೋಪ್ ಫ್ರಾನ್ಸಿಸ್ ತೀರಿಕೊಂಡ ದಿನ ಟೀಚರ್‌ಗೆ ಫೋನ್ ಮಾಡಿದೆ. ಅವರೇ 'ಗೊಂಬೆ ಇದೆಯಾ ಇನ್ನೂ' ಅಂತ ಕೇಳಿದರು. ಇದೆ ಅಂದೆ. 'ಇರಲಿ' ಅಂದರು.

ರೈತನ ಕತೆ ಬೇರೆಯೇ ಆಯಿತು. ನಮ್ಮತ್ತೆಗೆ ಎಂಬತ್ತೆಂಟು. ಕಣ್ಣು ಮಂಜು, ನಾಲಿಗೆ ಚೂಪು. ಪೈರಿನ ಹತ್ತಿರ ಬಗ್ಗಿ ನೋಡಿ, 'ಇವನ್ಯಾರೇ?' ಅಂದರು. ಹೇಳಿದೆ. ಏನು ಬೈಯುತ್ತಾರೋ ಅಂತ ಉಸಿರು ಹಿಡಿದಿದ್ದೆ. ಅವರು ಇನ್ನೊಂದು ಸಲ ಸುತ್ತಲೂ ನೋಡಿ, 'ಅಯ್ಯೋ, ಚೊಂಬೆಲ್ಲೇ ಇವನದು?' ಅಂದರು.

ಮುನ್ನೂರು ವರ್ಷದಿಂದ ಕತಲೋನ್ಯದಲ್ಲಿ ಯಾರಿಗೂ ಹೊಳೆಯದ ಪ್ರಶ್ನೆ ಅದು. ಅವರದೆಲ್ಲ ಕಾಗದದ ವ್ಯವಹಾರ. ಅತ್ತೆ ಬಿಡಲಿಲ್ಲ. ಹಿತ್ತಾಳೆಯ ಅಡುಗೆ ಆಟದ ಸಾಮಾನಿನ ಸೆಟ್ಟಿನಿಂದ ಹೆಬ್ಬೆರಳು ಗಾತ್ರದ ಚೊಂಬು ತೆಗೆಸಿ, ನೀರು ಹಾಕಿಸಿ, ಅವನ ಬಲಗೈ ಹತ್ತಿರ ಇಡಿಸಿದರು. ಆಮೇಲೆ 'ಎಡಗಡೆ ಇಡೇ, ಬಲಗೈಯಲ್ಲಿ ಊಟ ಮಾಡ್ತಾನೆ' ಅಂತ ತಿದ್ದಿದರು.

ಅದೇ ತಪ್ಪಾಗಿದ್ದು. ನಾಲ್ಕು ತಿಂಗಳ ಹಿಂದೆ ಲೋಕಸಭೆ ಚುನಾವಣೆ ಮುಗಿದಿತ್ತು. ಏಪ್ರಿಲಿನಲ್ಲಿ ಪೇಪರಿನ ತುಂಬಾ ಚೊಂಬಿನ ಜಾಹೀರಾತು ಬಂದದ್ದು ನಿಮಗೂ ನೆನಪಿರಬೇಕು. ಒಂದು ಕಡೆಯವರು ಕೇಂದ್ರ ಕರ್ನಾಟಕಕ್ಕೆ ಕೊಟ್ಟದ್ದು ಖಾಲಿ ಚೊಂಬು ಅಂದರು, ಇನ್ನೊಂದು ಕಡೆಯವರು ಅದು ಅಕ್ಷಯ ಪಾತ್ರೆ ಅಂದರು. ಎದುರುಮನೆಯವರು ಗೊಂಬೆ ನೋಡಲು ಬಂದವರು ಪೈರಿನ ಹಿಂದೆ ಕಣ್ಣು ಹಾಯಿಸಿ, 'ಏನ್ರೀ ಮೇಡಂ, ನೀವೂ ಪಾಲಿಟಿಕ್ಸ್ ಶುರು ಮಾಡಿದಿರಾ' ಅಂದರು. ಮುಖ ಸ್ವಲ್ಪ ಬಿಗಿಯಾಗಿತ್ತು. ಮರುದಿನ ಬಂದ ಇನ್ನೊಬ್ಬರು ಅದೇ ಗೊಂಬೆಯ ಫೋಟೊ ತೆಗೆದುಕೊಂಡು, 'ಸರಿಯಾಗಿ ಇಟ್ಟಿದ್ದೀರಿ, ಬುದ್ಧಿ ಬರಲಿ ಅವರಿಗೆ' ಅಂದರು. ಯಾರಿಗೆ ಅಂತ ನಾನು ಕೇಳಲಿಲ್ಲ. ಮೂರನೆಯವರು ಚೊಂಬಿನೊಳಗೆ ಬಗ್ಗಿ ನೋಡಿ, ನೀರಿದೆ ಅಂತ ಖಾತ್ರಿ ಮಾಡಿಕೊಂಡು, 'ಖಾಲಿ ಇಲ್ಲವಲ್ಲ!' ಅಂತ ಖುಷಿಪಟ್ಟರು. ಬಾರ್ಸಿಲೋನಾದಲ್ಲಿ 20 ಯೂರೊ ಕೊಟ್ಟು ತಂದ ಟ್ರಂಪ್ ಮಾಡಲಾಗದ ಕೆಲಸವನ್ನು 8 ಯೂರೊ ರೈತ ಒಂದು ಆಟದ ಚೊಂಬಿನ ಜೊತೆ ಸೇರಿ ಮಾಡಿದ. ಬೀದಿಯಲ್ಲಿ ಎರಡು ಪಕ್ಷ ಆಯಿತು. 'ಗೊಂಬೆ ಕೂರ್ಸಿದೀರಾ' ಅಂತ ಕೇಳಿಕೊಂಡು ಬಂದ ಹುಡುಗರಿಗೆ ಮಾತ್ರ ಯಾವ ಪಕ್ಷವೂ ಇರಲಿಲ್ಲ. ನೆಲಕ್ಕೆ ಮೂಗು ತಾಗಿಸಿ ಅವನನ್ನು ಹುಡುಕಿ, ಕಿಸಕ್ಕನೆ ನಕ್ಕು, ಸುಂಡಲು ಇಸಕೊಂಡು ಓಡುತ್ತಿದ್ದರು. ಎರಡನೇ ದಿನಕ್ಕೆ ಪಕ್ಕದ ರಸ್ತೆಯ ಹುಡುಗರೂ ಬರತೊಡಗಿದರು. ಕಡಲೆಕಾಳು ಅರ್ಧ ಕೆಜಿ ಜಾಸ್ತಿ ನೆನೆಹಾಕಬೇಕಾಯಿತು.

ತರಿಸಬೇಕು ಅನ್ನುವವರಿಗೆ ಒಂದೆರಡು ಮಾತು. ಹೆಸರಿರುವ ನಾಯಕರನ್ನು ಕೊಳ್ಳಬೇಡಿ, ದುಡ್ಡು ದಂಡ. ಕೆಂಪು ಟೋಪಿಯ ರೈತನನ್ನೇ ತನ್ನಿ, ಅದರಲ್ಲೂ ಚಿಕ್ಕದನ್ನು. ಮರೆಯಲ್ಲಿ ಇಟ್ಟರೇ ಅವನಿಗೆ ಬೆಲೆ. ಅಂಗಡಿಯಲ್ಲೇ ತಲೆಕೆಳಗೆ ಮಾಡಿ ಸುರುಳಿ ಗಟ್ಟಿಯಾಗಿದೆಯಾ ಅಂತ ಅಲ್ಲಾಡಿಸಿ ನೋಡಿ. ನಾಚಿಕೆ ಬೇಡ, ಅಲ್ಲಿ ಎಲ್ಲರೂ ನೋಡುತ್ತಾರೆ. ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲೇ ತನ್ನಿ. ನಮ್ಮ ವಿಮಾನ ನಿಲ್ದಾಣದ ತಪಾಸಣೆಯ ಹುಡುಗಿ ಯಂತ್ರದಲ್ಲಿ ನೋಡಿ ಬಿಚ್ಚಿಸಿದಳು, ಪೋಪ್‌ರನ್ನು ಮುಂದಿನಿಂದ ನೋಡಿ 'ದೇವರ ಗೊಂಬೆನಾ ಆಂಟಿ?' ಅಂದಳು. ಹೂಂ ಅಂದೆ. ಪುಣ್ಯಕ್ಕೆ ತಿರುಗಿಸಲಿಲ್ಲ.

ಮರುವರ್ಷದ ದಸರಾಕ್ಕೂ ರೈತ ಕೂತಿದ್ದ. ಚೊಂಬು ಬೇಡ, ಸುಮ್ನೆ ಜಗಳ ಯಾಕೆ ಅಂತ ನಾನು ತೆಗೆದಿಟ್ಟಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಚೊಂಬು ಅವನ ಎಡಗಡೆ ಇತ್ತು. ತುಂಬಾ ನೀರು. ಅತ್ತೆ ಏನೂ ಗೊತ್ತಿಲ್ಲದವರ ಹಾಗೆ ಬತ್ತಿ ಹೊಸೆಯುತ್ತಾ ಕೂತಿದ್ದರು.